ಚೆಂಡು ಕೊಟ್ಟರು, ನಾಯಕತ್ವ ಕೊಡಲಿಲ್ಲ

ಜಯನಗರ, ಬನಶಂಕರಿಯ ಮೈದಾನಗಳಲ್ಲಿ ಭಾನುವಾರ ಬೆಳಗಾದರೆ ಬಿಳಿ ಉಡುಪು ತೊಟ್ಟ ಎಳೆಯರ ದಂಡು ನೆರೆಯುತ್ತದೆ. ಸ್ಪಿನ್ ಕಲಿಯುವ ಮಕ್ಕಳನ್ನು ಕೇಳಿದರೆ ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಅವರ ಹೆಸರು ಹೇಳಿಯಾರು. ಎಡಗೈಯವರು ಗದುಗಿನ ಸುನಿಲ್ ಜೋಶಿ ಅವರನ್ನೂ ಸೇರಿಸಿಯಾರು. ಗದುಗಿಗೆ ಅನತಿ ದೂರದ ಧಾರವಾಡದಲ್ಲಿ 1876ರಲ್ಲಿ ಜನಿಸಿದ ಇನ್ನೊಬ್ಬ ಎಡಗೈ ಸ್ಪಿನ್ನರ್ ಆ ಪಟ್ಟಿಯಲ್ಲಿರುವುದಿಲ್ಲ. ಅವರೇ ಬಾಳೂ ಪಾಲವಣಕರ, ಭಾರತ ಕಂಡ ಮೊದಲ ಶ್ರೇಷ್ಠ ಬೌಲರ್.

ಅವರನ್ನು ಕನ್ನಡಿಗರೆಂದು ಕರೆದುಕೊಳ್ಳುವುದು ಕಷ್ಟ, ನಿಜ. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಮನೆತನದ ಬೇರು ಕೊಂಕಣದಲ್ಲಿತ್ತು, ಬಾಲಕ ಬೆಳೆದದ್ದು ತಂದೆ ಸೇನೆಯಲ್ಲಿ ಕೆಲಸಕ್ಕಿದ್ದ ಪುಣೆಯಲ್ಲಿ. ಆದರೆ ನಮ್ಮ ಮರೆವಿಗೆಲ್ಲ ಭಾಷೆಯೇ ಕಾರಣವೆಂದರೆ ನಂಬುವುದು ಕಷ್ಟ. ಬಾಳೂ ಅವರದು ಚರ್ಮದ ಕೆಲಸ ಮಾಡುವ, ಅಸ್ಪೃಶ್ಯವೆನಿಸಿದ್ದ ಸಮುದಾಯ.

ಪುಣೆಯ ಪಾರ್ಸಿಗಳ ಕ್ಲಬ್ಬಿನಲ್ಲಿ ತಿಂಗಳಿಗೆ 3 ರೂಪಾಯಿ ಸಂಬಳಕ್ಕೆ ಪಿಚ್ ಗುಡಿಸುವ, ರೋಲರ್ ಎಳೆಯುವ ಕೆಲಸದಿಂದ ಅವರ ಕ್ರಿಕೆಟ್ ಆರಂಭವಾಯಿತು. 1892ರ ಸುಮಾರಿಗೆ ಯುರೋಪಿಯನ್ನರ ಪುಣೆ ಕ್ಲಬ್ ಸೇರಿದಾಗ ಸಂಬಳ 4 ರೂಪಾಯಿ ಆಯಿತು. ಅಲ್ಲಿ ನೆಟ್ಸ್‌ನಲ್ಲಿ ಬಿಳಿಯರಿಗೆ ಚೆಂಡೆಸೆಯುವ ಕೆಲಸವೂ ಸಿಕ್ಕಿತು. ಜೆ.ಜಿ. ಗ್ರೇಗ್ ಎಂಬ ಹೆಸರಾಂತ ಬ್ಯಾಟ್ಸ್‌ಮನ್ ತಮ್ಮನ್ನು ಔಟ್ ಮಾಡಿದಾಗಲೆಲ್ಲ 8 ಆಣೆ ಕೊಡುತ್ತಿದ್ದರೆಂಬ ಕಥೆಯಿದೆ. ಗಂಟೆಗಟ್ಟಲೆ ಬೌಲ್ ಮಾಡಿದರೂ ಅಲ್ಲಿ ಯಾರೂ ಬಾಳೂ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಆಗ ದೊರೆಗಳ ಹಕ್ಕು.

ಬಿಳಿಯರನ್ನು ಸೋಲಿಸಬೇಕೆಂಬ ಹಟ ಪುಣೆಯ ಹಿಂದೂಗಳಿಗೂ ಇತ್ತು. ಈ ಹುಡುಗನನ್ನು ತಂಡಕ್ಕೆ ಸೇರಿಸಿಕೊಳ್ಳದೆ ಅದು ಕೈಗೂಡುವಂತಿರಲಿಲ್ಲ, ಸೇರಿಸಿಕೊಂಡರು. ಆದರೆ ಚಹಾದ ವಿರಾಮದಲ್ಲಿ ಉಳಿದವರು ಪೆವಿಲಿಯನ್ನಿನೊಳಗೆ ಪಿಂಗಾಣಿ ಬಟ್ಟಲಲ್ಲಿ ಕುಡಿಯುತ್ತಿದ್ದರೆ, ಬಾಳೂ ಅವರಿಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆಯಲ್ಲಿ ಚಹಾ. ಅವರ ಕೈಯಿಂದ ಬಂದ ಚೆಂಡನ್ನು ಹಿಡಿಯಲು ಮಾತ್ರ ಯಾವ ಮೈಲಿಗೆಯೂ ಅಡ್ಡಬರಲಿಲ್ಲ!

ಮುಂದೆ ಮುಂಬಯಿಗೆ ಬಂದು ರೈಲ್ವೆಯಲ್ಲಿ ನೌಕರಿ ಹಿಡಿದು, ಹಿಂದೂ ಜಿಮ್ಖಾನಾ ಪರವಾಗಿ ಆಡಿದರು. 1906ರ ಫೆಬ್ರುವರಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಮಣಿಸಿತು. ಬಾಳೂ ಆ ಪಂದ್ಯದಲ್ಲಿ 8 ವಿಕೆಟ್ ಪಡೆದರು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದ ಭಾರತ ತಂಡ ಇಂಗ್ಲೆಂಡಿಗೆ ತೆರಳಿ 14 ಪ್ರಥಮ ದರ್ಜೆ ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದಿತು. ಸೋಲುವ ತಂಡದಲ್ಲಿದ್ದೂ, 35ರ ಹರೆಯದಲ್ಲಿ, ಬಾಳೂ ಇಡೀ ಪ್ರವಾಸದಲ್ಲಿ 114 ವಿಕೆಟ್ ಗಳಿಸಿದರು. ಮರಳಿದಾಗ ಮುಂಬಯಿಯ ದಲಿತರು ಅವರಿಗೆ ಸನ್ಮಾನ ಏರ್ಪಡಿಸಿದರು. ಅಭಿನಂದನೆಯ ಹೊಣೆ ಹೊತ್ತವರಲ್ಲಿ ಕಾಲೇಜು ವಿದ್ಯಾರ್ಥಿ ಭೀಮರಾವ್ ಅಂಬೇಡ್ಕರ್ ಕೂಡ ಇದ್ದರು.

ಅಷ್ಟು ಹೊತ್ತಿಗೆ ಹಿಂದೂ ತಂಡದಲ್ಲಿ ಬಾಳೂ ಅವರಿಗಿಂತ ಅರ್ಹ ನಾಯಕನಿರಲಿಲ್ಲ. ಆ ಪಟ್ಟ ಮತ್ತೆ ಮತ್ತೆ ಮೇಲ್ಜಾತಿಯವರ ಪಾಲಾಯಿತು. ನಾಯಕರಾದ ಎಂ.ಡಿ. ಪೈ ಅವರೇ ಈ ಗೌರವ ಬಾಳೂ ಅವರಿಗೆ ಸಲ್ಲಬೇಕಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡಿದ್ದರು. 1920ರಲ್ಲಿ ಅವರನ್ನು ತಂಡದಿಂದಲೇ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠಲ ಪ್ರತಿಭಟಿಸಿ ಹೊರಬಂದರು. ಕೂಗು ಎದ್ದಿತು, ಬಾಳೂ ಅವರನ್ನು ಮರಳಿ ಕರೆದು ಉಪನಾಯಕರನ್ನಾಗಿ ಮಾಡಲಾಯಿತು. ಪೈ ಮೈದಾನದಿಂದ ಹೊರಗಿದ್ದಷ್ಟು ಹೊತ್ತು ತಂಡ ಅವರ ಕೈಯಲ್ಲಿತ್ತು. 1923ರಲ್ಲಿ ವಿಠಲ ಪೂರ್ಣ ಪ್ರಮಾಣದ ನಾಯಕರಾಗಿ ಪ್ರಶಸ್ತಿ ಗೆದ್ದುಕೊಟ್ಟಾಗ ಅಣ್ಣನ ಆಟದ ದಿನಗಳು ಮುಗಿದಿದ್ದವು.

ರಾಜಕೀಯದಲ್ಲಿ ಬಾಳೂ ಗಾಂಧೀಜಿಯ ಕಡೆ ನಿಂತರು. ಪ್ರತ್ಯೇಕ ಮತಕ್ಷೇತ್ರದ ಬೇಡಿಕೆಯನ್ನು ಒಪ್ಪದಿದ್ದ ಅವರೂ, ಅದನ್ನು ಮುಂದಿಟ್ಟ ಅಂಬೇಡ್ಕರರೂ 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಅಂಬೇಡ್ಕರರ ಎದುರು ಕಣಕ್ಕಿಳಿಸಿದ್ದು ಬಾಳೂ ಅವರನ್ನೇ. ಒಂದು ಕಾಲಕ್ಕೆ ತಮ್ಮನ್ನು ಅಭಿನಂದಿಸಿದ್ದ ತರುಣನ ವಿರುದ್ಧ ಅವರು ಸುಮಾರು 2,000 ಮತಗಳಿಂದ ಸೋತರು. ಕಾಂಗ್ರೆಸ್ ಅವರ ಕೀರ್ತಿಯನ್ನು ಬಳಸಿಕೊಂಡಿತೇ ಎಂಬ ಪ್ರಶ್ನೆ ಏಳದಿರದು. ಆದರೆ ಅದು ಅವರೇ ಆರಿಸಿಕೊಂಡ ನಿಲುವಾಗಿತ್ತೆಂಬುದನ್ನೂ ಒಪ್ಪಬೇಕು.

ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಅವರು ಪಡೆದ ವಿಕೆಟ್‌ಗಳು 179, ಸರಾಸರಿ 15.21. ಅಸ್ಪೃಶ್ಯತೆಯನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿದ ಕಾಯ್ದೆ 1955ರ ಜೂನ್ 1ರಂದು ಜಾರಿಗೆ ಬಂದಿತು. ಬಾಳೂ ಮುಂಬಯಿಯಲ್ಲಿ ತೀರಿಕೊಂಡದ್ದು ಅದೇ ವರ್ಷ ಜುಲೈ 4ರಂದು.