ಮೊಣಕಾಲು ಕೈಕೊಟ್ಟಾಗ

ಕಳೆದ ವರ್ಷ ಕಾಲೇಜು ತಂಡದ ಅಭ್ಯಾಸದ ವೇಳೆ ನನ್ನ ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ಈ ವರ್ಷ ಚೆಂಡು ಮುಟ್ಟುವಂತಿಲ್ಲ ಎಂದು ಡಾಕ್ಟರ್ ಹೇಳಿದರು. ಮನೆಗೆ ಬಂದವನೇ ಬೂಟುಗಳನ್ನು ಮಂಚದ ಕೆಳಗೆ ತಳ್ಳಿದೆ. ಸಂಜೆ ಗೆಳೆಯರು ಮೈದಾನಕ್ಕೆ ಹೋಗುವ ಸದ್ದು ಕೇಳಿದರೆ ಕಿಟಕಿ ಮುಚ್ಚಿಬಿಡುತ್ತಿದ್ದೆ. ಆ ದಿನಗಳಲ್ಲಿ ನಾನು ಓದಿದ್ದು ಇಂಗ್ಲೆಂಡಿನ ಬ್ರಯಾನ್ ಕ್ಲಫ್ ಅವರ ಜೀವನ.

ಕ್ಲಫ್ ಹುಟ್ಟಿದ್ದು 1935ರ ಮಾರ್ಚ್ 21ರಂದು, ಮಿಡಲ್ಸ್‌ಬರೋ ಎಂಬ ಕೈಗಾರಿಕಾ ಊರಿನಲ್ಲಿ. ಮನೆ ತುಂಬ ಮಕ್ಕಳಿದ್ದ ಸಾಮಾನ್ಯ ಕುಟುಂಬ. ಹನ್ನೊಂದನೇ ವಯಸ್ಸಿನಲ್ಲಿ ಬರೆಯಬೇಕಿದ್ದ ಆಯ್ಕೆ ಪರೀಕ್ಷೆಯಲ್ಲಿ ಅವರು ಫೇಲಾದರು. ಹದಿನೈದಕ್ಕೆ ಯಾವ ಸರ್ಟಿಫಿಕೇಟೂ ಇಲ್ಲದೆ ಶಾಲೆ ಬಿಟ್ಟು ರಾಸಾಯನಿಕ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದರು. ಆದರೆ ಚೆಂಡು ಕಾಲಿಗೆ ಸಿಕ್ಕರೆ ಅವರು ಬೇರೆಯೇ ಮನುಷ್ಯ. ಮೊದಲು ಊರಿನ ಮಿಡಲ್ಸ್‌ಬರೋ ತಂಡಕ್ಕೆ, 1961ರಿಂದ ಸಂಡರ್ಲ್ಯಾಂಡ್ ತಂಡಕ್ಕೆ ಆಡಿದರು. ಲೀಗ್‌ನ 274 ಪಂದ್ಯಗಳಲ್ಲಿ 251 ಗೋಲು! ಹೆಚ್ಚುಕಡಿಮೆ ಪಂದ್ಯಕ್ಕೊಂದು. ಇಂಗ್ಲೆಂಡ್ ತಂಡಕ್ಕೆ ಮಾತ್ರ ಆಡಲು ಸಿಕ್ಕಿದ್ದು ಎರಡೇ ಪಂದ್ಯ.

1962ರ ಡಿಸೆಂಬರ್ 26. ಸಂಡರ್ಲ್ಯಾಂಡ್ ಮೈದಾನ ಚಳಿಗೆ ಹೆಪ್ಪುಗಟ್ಟಿ ಕಲ್ಲಿನಂತಾಗಿತ್ತು. ಎದುರಾಳಿ ಬರಿ ತಂಡ. ಚೆಂಡಿನ ಹಿಂದೆ ಓಡಿದ ಕ್ಲಫ್ ಗೋಲ್‌ಕೀಪರ್‌ಗೆ ಡಿಕ್ಕಿ ಹೊಡೆದು ಬಿದ್ದರು. ಮೊಣಕಾಲಿನ ಲಿಗಮೆಂಟ್‌ಗಳು ಹರಿದಿದ್ದವು. ಇಂದು ಶಸ್ತ್ರಚಿಕಿತ್ಸೆಯಿಂದ ಹೊಸ ಲಿಗಮೆಂಟ್ ಕೂರಿಸುತ್ತಾರೆ, ಆಟಗಾರರು ಹಲವು ತಿಂಗಳ ನಂತರ ಮರಳಿ ಬರುತ್ತಾರೆ. ಅಂದು ಆ ಗಾಯವೆಂದರೆ ಆಟ ಮುಗಿದಂತೆ. ಅವರಿಗೆ ಆಗ 27 ವರ್ಷ.

ಆದರೂ ಅವರು ಸುಮ್ಮನಾಗಲಿಲ್ಲ. 1964ರ ಸೆಪ್ಟೆಂಬರಿನಲ್ಲಿ ಮತ್ತೆ ಮೈದಾನಕ್ಕಿಳಿದರು. ಮೂರು ಪಂದ್ಯ ಆಡಿ ಒಂದು ಗೋಲೂ ಹೊಡೆದರು. ಆದರೆ ಕಾಲು ಮೊದಲಿನ ಕಾಲಾಗಿರಲಿಲ್ಲ. 29ನೇ ವಯಸ್ಸಿಗೆ ಆಟ ನಿಂತೇಹೋಯಿತು. ಈ ಭಾಗವನ್ನು ನಾನು ಎರಡು ಸಲ ಓದಿ ಪುಸ್ತಕ ಮುಚ್ಚಿಟ್ಟೆ. ಮುಂದೆ ಓದಲು ಎರಡು ದಿನ ಬೇಕಾಯಿತು.

ಮುಂದಿನದೇ ದೊಡ್ಡ ಕಥೆ. ಸಂಡರ್ಲ್ಯಾಂಡ್‌ನ ಕಿರಿಯರ ತಂಡಕ್ಕೆ ತರಬೇತಿ ಕೊಡುವ ಕೆಲಸ ಅವರಿಗೆ ಸಿಕ್ಕಿತು. ಗೋಲು ಹೊಡೆಯುವ ಕಾಲು ಹೋಗಿತ್ತು, ಆಟವನ್ನು ಓದುವ ಕಣ್ಣು ಹಾಗೇ ಇತ್ತು. 1965ರಲ್ಲಿ, 30ನೇ ವಯಸ್ಸಿಗೆ, ಹಾರ್ಟಲ್‌ಪೂಲ್ಸ್ ತಂಡದ ಮ್ಯಾನೇಜರ್ ಆದರು. ನಾಲ್ಕನೇ ಡಿವಿಷನ್ನಿನ ತಳದಲ್ಲಿ ತೆವಳುತ್ತಿದ್ದ, ಕೈಯಲ್ಲಿ ಕಾಸಿಲ್ಲದ ತಂಡ ಅದು. ಹಳೆಯ ಸಹ ಆಟಗಾರ ಪೀಟರ್ ಟೇಲರ್ ಜೊತೆ ಸೇರಿ ಅದನ್ನು ಎಂಟನೇ ಸ್ಥಾನಕ್ಕೆ ತಂದರು. ಬಳಿಕ ಎರಡನೇ ಡಿವಿಷನ್ನಿನಲ್ಲಿದ್ದ ಡರ್ಬಿ ಕೌಂಟಿಯನ್ನು 1972ರಲ್ಲಿ ಇಂಗ್ಲೆಂಡಿನ ಚಾಂಪಿಯನ್ ಮಾಡಿದರು. ನಡುವೆ ಸೋಲೂ ಇತ್ತು. 1974ರಲ್ಲಿ ಲೀಡ್ಸ್ ತಂಡ ಅವರನ್ನು ಕೇವಲ 44 ದಿನಗಳಲ್ಲಿ ಕೆಲಸದಿಂದ ತೆಗೆಯಿತು. 1975ರ ಜನವರಿಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಸೇರಿದರು. ಅದೂ ಎರಡನೇ ಡಿವಿಷನ್ನಿನ ತಂಡವೇ. 1978ರಲ್ಲಿ ಫಾರೆಸ್ಟ್ ಇಂಗ್ಲೆಂಡಿನ ಚಾಂಪಿಯನ್ ಆಯಿತು. 1979 ಮತ್ತು 1980ರಲ್ಲಿ ಸತತ ಎರಡು ಬಾರಿ ಯುರೋಪಿಯನ್ ಕಪ್ ಗೆದ್ದಿತು. ಅದೇ ತಂಡದ ವಿವ್ ಆ್ಯಂಡರ್ಸನ್ 1978ರಲ್ಲಿ ಇಂಗ್ಲೆಂಡ್ ಹಿರಿಯರ ತಂಡಕ್ಕೆ ಆಡಿದ ಮೊದಲ ಕಪ್ಪು ವರ್ಣದ ಆಟಗಾರರಾದರು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ, ಆದರೆ ಪೂರ್ಣವಲ್ಲ. ಕ್ಲಫ್ ದುಡುಕಿನ, ಹರಿತ ನಾಲಿಗೆಯ ಮನುಷ್ಯ. ಟೇಲರ್ ಅವರೊಂದಿಗಿನ ಸ್ನೇಹ ಮುರಿಯಿತು. ಟೇಲರ್ 1990ರಲ್ಲಿ ತೀರಿಕೊಂಡರು, ಅಷ್ಟರೊಳಗೆ ಇಬ್ಬರೂ ರಾಜಿಯಾಗಲಿಲ್ಲ. ಕುಡಿತ ಕ್ಲಫ್ ಅವರ ದೇಹವನ್ನು ತಿಂದುಹಾಕಿತು. 1993ರಲ್ಲಿ ಫಾರೆಸ್ಟ್ ಮೇಲಿನ ಡಿವಿಷನ್ನಿನಿಂದ ಕೆಳಗಿಳಿದಾಗ ಅವರು ನಿವೃತ್ತರಾದರು. 2003ರಲ್ಲಿ ಯಕೃತ್ತಿನ ಕಸಿ ಆಯಿತು, 2004ರ ಸೆಪ್ಟೆಂಬರ್ 20ರಂದು ನಿಧನರಾದರು.

ಸೋತವರೆಲ್ಲ ಗೆಲ್ಲುತ್ತಾರೆ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಎಷ್ಟು ಕಪ್ ಗೆದ್ದರೂ 27ನೇ ವಯಸ್ಸಿನ ಆ ಕಾಲು ಅವರಿಗೆ ಮರಳಿ ಸಿಗಲಿಲ್ಲ. ಆದರೆ ಆಟದ ಬಗ್ಗೆ ಅವರು ಕಲಿತದ್ದೆಲ್ಲ ಮೊಣಕಾಲಿನಲ್ಲಿ ಮಾತ್ರ ಇರಲಿಲ್ಲ. ಅದನ್ನು ಬೇರೆಯವರಿಗೆ ಕೊಡಲು ಸಾಧ್ಯವಿತ್ತು, ಅವರು ಕೊಟ್ಟರು.

ಈಗ ಸಂಜೆ ನಾನೂ ಮೈದಾನಕ್ಕೆ ಹೋಗುತ್ತೇನೆ. ಗೆರೆಯಾಚೆ ಕುಳಿತು ಪ್ರಥಮ ಪಿಯುಸಿ ಹುಡುಗರ ಆಟ ನೋಡುತ್ತೇನೆ. ಎಡಗಡೆ ಆಡುವ ಹುಡುಗ ತಲೆಯೆತ್ತದೆ ಚೆಂಡು ಒಯ್ಯುತ್ತಾನೆ. ಮೊನ್ನೆ ಕರೆದು ಹೇಳಿದೆ. ನಿನ್ನೆ ತಲೆಯೆತ್ತಿ ಪಾಸ್ ಕೊಟ್ಟ, ಗೋಲಾಯಿತು. ಅವನು ಮೊದಲು ಓಡಿ ಬಂದದ್ದು ನನ್ನ ಕಡೆಗೆ.

– ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಾಣಿಜ್ಯ ವಿಭಾಗ