ಹ್ಯೂ ಹ್ಯಾಮಂಡ್ ಬೆನೆಟ್

ಹ್ಯೂ ಹ್ಯಾಮಂಡ್ ಬೆನೆಟ್ (ಏಪ್ರಿಲ್ ೧೫, ೧೮೮೧ – ಜುಲೈ ೭, ೧೯೬೦) ಅಮೆರಿಕ ಸಂಯುಕ್ತ ಸಂಸ್ಥಾನದ ಮಣ್ಣು ವಿಜ್ಞಾನಿ ಹಾಗೂ ಆಡಳಿತಗಾರರು. ಆ ದೇಶದ ಮಣ್ಣು ಸಂರಕ್ಷಣೆಯ ಪಿತಾಮಹರೆಂದು ಇವರನ್ನು ಗೌರವಿಸಲಾಗುತ್ತದೆ. ಖಾಸಗಿ ಹೊಲದ ಮಣ್ಣನ್ನು ಉಳಿಸಲು ಸರ್ಕಾರದ ಬೊಕ್ಕಸದಿಂದ ಹಣ ವ್ಯಯಿಸುವುದು ನ್ಯಾಯವೇ ಎಂಬ ರಾಜಕೀಯ ಚರ್ಚೆಯಲ್ಲಿ, ಮಣ್ಣು ರಾಷ್ಟ್ರದ ಸಂಪತ್ತು ಎಂದು ಪ್ರತಿಪಾದಿಸಿ ಅದಕ್ಕೆ ಶಾಸನದ ಮನ್ನಣೆ ದೊರಕಿಸಿಕೊಟ್ಟವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ಬೆನೆಟ್ ಅವರು ಉತ್ತರ ಕೆರೊಲಿನಾ ರಾಜ್ಯದ ಆನ್ಸನ್ ಕೌಂಟಿಯಲ್ಲಿ, ಹತ್ತಿ ಬೆಳೆಯುವ ಕುಟುಂಬದಲ್ಲಿ ಜನಿಸಿದರು. ಹೊಲದ ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವ ಕೆಲಸವನ್ನು ಬಾಲ್ಯದಲ್ಲಿಯೇ ತಂದೆಯೊಡನೆ ಮಾಡಿದ್ದರು. ೧೯೦೩ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಿಂದ ಪದವಿ ಪಡೆದು, ಕೇಂದ್ರ ಕೃಷಿ ಇಲಾಖೆಯ ಮಣ್ಣು ವಿಭಾಗವನ್ನು ಸೇರಿದರು.

ಸವಕಳಿಯ ಅಧ್ಯಯನ

೧೯೦೫ರಲ್ಲಿ ವರ್ಜೀನಿಯಾದ ಲೂಯಿಸಾ ಕೌಂಟಿಯಲ್ಲಿ ಸಮೀಕ್ಷೆ ನಡೆಸುವಾಗ, ಕಾಡಿನ ಮಣ್ಣು ಮೃದುವಾಗಿಯೂ ಅದರ ಪಕ್ಕದಲ್ಲೇ ಇದ್ದ ಉಳುಮೆಯ ಹೊಲದ ಮಣ್ಣು ಗಡುಸಾಗಿಯೂ ಇರುವುದನ್ನು ಅವರು ಗಮನಿಸಿದರು. ಕೊರಕಲುಗಳು ಕಾಣಿಸದಿದ್ದರೂ ಮಳೆನೀರು ಮೇಲ್ಮಣ್ಣನ್ನು ಪದರಪದರವಾಗಿ ಕೊಚ್ಚಿಕೊಂಡು ಹೋಗುತ್ತದೆ ಎಂಬುದು ಅವರಿಗೆ ಮನವರಿಕೆಯಾಯಿತು. ಆದರೆ ಅವರ ವಿಭಾಗವೇ ೧೯೦೯ರ ಪ್ರಕಟಣೆಯೊಂದರಲ್ಲಿ ಮಣ್ಣನ್ನು ಎಂದಿಗೂ ಬರಿದಾಗದ ಆಸ್ತಿ ಎಂದು ಬಣ್ಣಿಸಿತ್ತು. ಬರಿದಾಗದ ವಸ್ತುವಿನ ರಕ್ಷಣೆಗೆ ಹಣ ಕೇಳುವುದು ಸಾಧ್ಯವಿರಲಿಲ್ಲ. ಈ ನಂಬಿಕೆಯ ವಿರುದ್ಧ ಬೆನೆಟ್ ದೀರ್ಘಕಾಲ ಬರೆದರು. ೧೯೨೮ರಲ್ಲಿ ಡಬ್ಲ್ಯು. ಆರ್. ಚಾಪ್ಲಿನ್ ಅವರೊಡನೆ ರಚಿಸಿದ ಸಾಯಿಲ್ ಇರೋಷನ್: ಎ ನ್ಯಾಷನಲ್ ಮೆನೇಸ್ ಎಂಬ ಕಿರುಹೊತ್ತಿಗೆ ಸಂಸತ್ತಿನ ಗಮನ ಸೆಳೆಯಿತು.

ಸರ್ಕಾರದ ಅನುದಾನ

ಟೆಕ್ಸಾಸ್‌ನ ಪ್ರತಿನಿಧಿ ಜೇಮ್ಸ್ ಬುಕಾನನ್ ಅವರು ಕೃಷಿ ಇಲಾಖೆಯ ಆಯವ್ಯಯಕ್ಕೆ ತಂದ ತಿದ್ದುಪಡಿಯಿಂದಾಗಿ, ಸವಕಳಿಯ ಸಂಶೋಧನೆಗೆ ೧,೬೦,೦೦೦ ಡಾಲರ್ ಮಂಜೂರಾಯಿತು. ಇದರಿಂದ ಪ್ರಯೋಗ ಕೇಂದ್ರಗಳು ಸ್ಥಾಪನೆಗೊಂಡವು. ೧೯೩೩ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರ್ಕಾರವು ನಿರುದ್ಯೋಗ ನಿವಾರಣೆಯ ಲೋಕೋಪಯೋಗಿ ನಿಧಿಯಿಂದ ೫೦ ಲಕ್ಷ ಡಾಲರ್ ನೀಡಿ, ಒಳಾಡಳಿತ ಇಲಾಖೆಯಲ್ಲಿ ತಾತ್ಕಾಲಿಕ ಸವಕಳಿ ನಿಯಂತ್ರಣ ಸಂಸ್ಥೆಯನ್ನು ಆರಂಭಿಸಿತು. ಬೆನೆಟ್ ಅದರ ಮುಖ್ಯಸ್ಥರಾದರು. ಒಪ್ಪಂದಕ್ಕೆ ಸಹಿ ಹಾಕಿದ ರೈತರ ಹೊಲಗಳಲ್ಲಿ ಬದು ನಿರ್ಮಾಣ, ಪಟ್ಟಿ ಬೇಸಾಯ ಹಾಗೂ ಗಿಡ ನೆಡುವ ಕಾರ್ಯಗಳಿಗೆ ಸಂಸ್ಥೆ ನೆರವು ನೀಡಿತು. ವಿಸ್ಕಾನ್ಸಿನ್‌ನ ಕೂನ್ ಕ್ರೀಕ್ ಕಣಿವೆ ಇದರ ಮೊದಲ ಪ್ರಾತ್ಯಕ್ಷಿಕೆ ಪ್ರದೇಶವಾಗಿತ್ತು.

೧೯೩೫ರ ಕಾಯಿದೆ

ತಾತ್ಕಾಲಿಕ ನಿಧಿ ಮುಗಿದರೆ ಕೆಲಸವೂ ನಿಲ್ಲುವ ಅಪಾಯವಿತ್ತು. ಇದೇ ವೇಳೆಗೆ ಪಶ್ಚಿಮದ ಬಯಲುಸೀಮೆಯಲ್ಲಿ ಬರಗಾಲದೊಂದಿಗೆ ಧೂಳಿನ ಬಿರುಗಾಳಿಗಳು ಎದ್ದವು. ಸೆನೆಟ್ ಸಮಿತಿಯ ಮುಂದೆ ಹೇಳಿಕೆ ನೀಡುತ್ತಿದ್ದ ಬೆನೆಟ್, ಧೂಳು ವಾಷಿಂಗ್ಟನ್ ತಲುಪುವವರೆಗೆ ತಮ್ಮ ಮಾತನ್ನು ಉದ್ದೇಶಪೂರ್ವಕವಾಗಿ ಮುಂದುವರಿಸಿದರೆಂಬ ಪ್ರಸಂಗ ಪ್ರಸಿದ್ಧವಾಗಿದೆ. ೧೯೩೫ರ ಏಪ್ರಿಲ್ ೨೭ರಂದು ಮಣ್ಣು ಸಂರಕ್ಷಣಾ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದಿತು. ಸವಕಳಿಯನ್ನು ರಾಷ್ಟ್ರದ ಹಿತಕ್ಕೆ ಒದಗಿದ ಕಂಟಕವೆಂದು ಸಾರಿದ ಈ ಕಾಯಿದೆಯಿಂದ ಕೃಷಿ ಇಲಾಖೆಯಲ್ಲಿ ಶಾಶ್ವತವಾದ ಮಣ್ಣು ಸಂರಕ್ಷಣಾ ಸೇವೆ ಸ್ಥಾಪನೆಯಾಯಿತು. ಹೊರೆಯೆಲ್ಲ ಕೇಂದ್ರದ ಮೇಲೆ ಬೀಳದಂತೆ, ನೆರವು ಪಡೆಯುವವರಿಂದ ಹಣ, ಶ್ರಮ ಅಥವಾ ಸಾಮಗ್ರಿಯ ಪಾಲು ಕೇಳಲು ಅದರಲ್ಲಿ ಅವಕಾಶವಿತ್ತು.

ಮುಂದುವರಿದ ವಿವಾದ

ಕಾಯಿದೆಯಿಂದ ಚರ್ಚೆ ಕೊನೆಗೊಳ್ಳಲಿಲ್ಲ. ೧೯೩೬ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೃಷಿ ಹೊಂದಾಣಿಕೆ ಕಾಯಿದೆಯ ಮುಖ್ಯ ಭಾಗವನ್ನು ಅಸಿಂಧುಗೊಳಿಸಿತು. ಆಗ ಸರ್ಕಾರವು ಮಣ್ಣನ್ನು ಸವೆಸುವ ಬೆಳೆ ಬಿಟ್ಟು ಹುಲ್ಲು ಮತ್ತು ದ್ವಿದಳ ಧಾನ್ಯ ಬೆಳೆಯುವವರಿಗೆ ಹಣ ನೀಡುವ ಹೊಸ ಶಾಸನವನ್ನು ತಂದಿತು. ಇದು ಸಂರಕ್ಷಣೆಯ ಹೆಸರಿನಲ್ಲಿ ಬೆಲೆ ಬೆಂಬಲ ನೀಡುವ ಉಪಾಯವೆಂಬ ಟೀಕೆ ಕೇಳಿಬಂತು. ಇತ್ತ ರಾಜ್ಯಗಳ ಕೃಷಿ ವಿಸ್ತರಣಾ ವಿಭಾಗಗಳು ಮತ್ತು ಅಮೆರಿಕನ್ ಫಾರ್ಮ್ ಬ್ಯೂರೊ ಸಂಘಟನೆ, ರೈತರಿಗೆ ಮಾರ್ಗದರ್ಶನ ನೀಡುವುದು ತಮ್ಮ ಕ್ಷೇತ್ರವೆಂದು ಬೆನೆಟ್ ಅವರ ಸಂಸ್ಥೆಯ ನೇರ ಕಾರ್ಯವನ್ನು ವಿರೋಧಿಸಿದವು. ರೈತರೇ ನಡೆಸುವ ಮಣ್ಣು ಸಂರಕ್ಷಣಾ ಜಿಲ್ಲೆಗಳ ರಚನೆಯಲ್ಲಿ ಕೇಂದ್ರದ ನೆರವನ್ನು ಸ್ಥಳೀಯ ಅಧಿಕಾರದೊಡನೆ ಹೊಂದಿಸುವ ದಾರಿ ದೊರೆಯಿತು. ೧೯೩೭ರಲ್ಲಿ ರಚನೆಯಾದ ಬ್ರೌನ್ ಕ್ರೀಕ್ ಜಿಲ್ಲೆ ಇಂಥವುಗಳಲ್ಲಿ ಮೊದಲನೆಯದು. ಅದು ಬೆನೆಟ್ ಹುಟ್ಟಿದ ಆನ್ಸನ್ ಕೌಂಟಿಯನ್ನು ಒಳಗೊಂಡಿತ್ತು.

ಕೊನೆಯ ವರ್ಷಗಳು

೧೯೩೯ರಲ್ಲಿ ಮಣ್ಣು ಸಂರಕ್ಷಣೆಯ ಕುರಿತು ಬೃಹತ್ ಗ್ರಂಥವನ್ನು ಪ್ರಕಟಿಸಿದ ಬೆನೆಟ್, ೧೯೫೧ರಲ್ಲಿ ಮುಖ್ಯಸ್ಥರ ಹುದ್ದೆಯಿಂದ ನಿರ್ಗಮಿಸಿದರು. ೧೯೬೦ರಲ್ಲಿ ನಿಧನರಾದ ಅವರನ್ನು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. ಅವರು ಕಟ್ಟಿದ ಸಂಸ್ಥೆಗೆ ೧೯೯೪ರಲ್ಲಿ ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆ ಎಂಬ ಹೊಸ ಹೆಸರು ಬಂದಿತು. ಖಾಸಗಿ ಭೂಮಿಯ ಸಂರಕ್ಷಣೆಗೆ ಸಾರ್ವಜನಿಕ ಹಣ ಎಷ್ಟು ಸಲ್ಲಬೇಕೆಂಬ ಚರ್ಚೆ ಅಮೆರಿಕದ ಕೃಷಿ ಮಸೂದೆಗಳ ಸಂದರ್ಭದಲ್ಲಿ ಇಂದಿಗೂ ನಡೆಯುತ್ತಿದೆ.