ಲಯವನ್ನರಿತ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು

ರಾಯದುರ್ಗಕ್ಕೂ ಮಡಕಶಿರಕ್ಕೂ ನಡುವೆ, ಅನಂತಪುರ ಜಿಲ್ಲೆಯ ಕಂಬದೂರು ಸೀಮೆಯಲ್ಲಿ ರಾಳ್ಳಪಲ್ಲಿ ಎಂಬ ಹಳ್ಳಿಯಿದೆ. ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ನಾಡು ಅದು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲೂಕು 1953ರಲ್ಲಿ ಆಂಧ್ರಕ್ಕೆ ಹೋಯಿತು. ಗಡಿ ಸರಿದಾಗ ಆಗುವ ಸಂಕಟವನ್ನು ಕಾಸರಗೋಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಅನಂತಕೃಷ್ಣ ಶರ್ಮರು ಜನಿಸಿದರು.

ತಂದೆಯವರಿಂದ ಸಂಸ್ಕೃತ, ತೆಲುಗು, ತಾಯಿಯಿಂದ ಹಾಡು. ಓದಲೆಂದು ಮೈಸೂರಿಗೆ ಹೋದವರು ಕಟ್ಟಮಂಚಿ ರಾಮಲಿಂಗಾ ರೆಡ್ಡಿಯವರ ಮೆಚ್ಚುಗೆ ಗಳಿಸಿ, 1912ರಲ್ಲಿ ಮಹಾರಾಜಾ ಕಾಲೇಜಿನ ತೆಲುಗು ಪಂಡಿತರಾದರು. 1949ರವರೆಗೆ ಅಲ್ಲಿಯೇ ಪಾಠ ಹೇಳಿದರು. ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತಾಭ್ಯಾಸವೂ ನಡೆಯಿತು. ಈ ತೆಲುಗು ಪಂಡಿತರು ‘ಗಾನಕಲೆ’ಯನ್ನು ಬರೆದದ್ದು ಕನ್ನಡದಲ್ಲಿ.

ಅವರ ಹಿರಿಯ ಕೆಲಸ ನಡೆದದ್ದು ನಿವೃತ್ತಿಯ ಅನಂತರ, ತಿರುಪತಿಯಲ್ಲಿ. ಹದಿನೈದನೆಯ ಶತಮಾನದ ಅನ್ನಮಾಚಾರ್ಯರ ಸಾವಿರಾರು ಕೀರ್ತನೆಗಳು ತಾಮ್ರದ ಹಲಗೆಗಳಲ್ಲಿ ಉಳಿದಿದ್ದವು. ವೇಟೂರಿ ಪ್ರಭಾಕರ ಶಾಸ್ತ್ರಿಗಳು 1950ರಲ್ಲಿ ತೀರಿಕೊಂಡ ಮೇಲೆ ಅವುಗಳ ಸಂಪಾದನೆಯ ಹೊಣೆ ಶರ್ಮರ ಮೇಲೆ ಬಿತ್ತು. ಹಲಗೆಯಲ್ಲಿ ರಾಗದ ಹೆಸರಿದೆ, ಸ್ವರವಿಲ್ಲ. ತಾಳದ ಹೆಸರೂ ಸಾಮಾನ್ಯವಾಗಿ ಇಲ್ಲ. ನಮ್ಮ ಯಕ್ಷಗಾನ ಪ್ರಸಂಗದ ಪುಸ್ತಕದಲ್ಲಾದರೋ ಪದದ ನೆತ್ತಿಯ ಮೇಲೆ ರಾಗ, ತಾಳ ಎರಡನ್ನೂ ಅಚ್ಚು ಹಾಕಿರುತ್ತಾರೆ. ಭಾಗವತರಿಗೆ ಆ ತೊಡಕಿಲ್ಲ.

ತಾಳ ಬರೆದಿಲ್ಲವೆಂದು ಯಾವುದಾದರೊಂದು ತಾಳ ಹಾಕಿಬಿಡಬಹುದೇ? ಮೂರು ಮಾತ್ರೆ, ನಾಲ್ಕು ಮಾತ್ರೆಯಾಗಿ ಹೆಜ್ಜೆಯಿಡುವ ಸಾಹಿತ್ಯ ಮಿಶ್ರಚಾಪಿನಲ್ಲಿ ಸಲೀಸಾಗಿ ನಡೆಯುತ್ತದೆ. ಭಾಮಿನಿ ಷಟ್ಪದಿಯನ್ನು ಓದಿದವರಿಗೆಲ್ಲ ಈ ನಡೆ ಗೊತ್ತು. ಅದನ್ನೇ ಆದಿತಾಳಕ್ಕೆ ಎಳೆದರೆ ದೀರ್ಘ ಮೊಟಕಾಗುತ್ತದೆ, ಹ್ರಸ್ವ ಜಗ್ಗುತ್ತದೆ. ಕುಣಿಯುವವಳ ಹೆಜ್ಜೆ ಮಾತಿನ ನಡುವೆ ಬಿದ್ದು ಅರ್ಥವೇ ಮುರಿಯುತ್ತದೆ. ತಾಳವೆಂದರೆ ಎಣಿಕೆ, ಲಯವೆಂದರೆ ನಡಿಗೆ. ಎಣಿಸಲು ಯಾರಿಗಾದರೂ ಬಂದೀತು. ನಡಿಗೆಯನ್ನು ಕಂಡುಕೊಳ್ಳಲು ಛಂದಸ್ಸು ಬಲ್ಲ ಕಿವಿಯೇ ಬೇಕು. ಸಂಗೀತ ವಿದ್ವಾಂಸರು ಹಲವರಿದ್ದರು. ಸಾಹಿತ್ಯವನ್ನೂ ಅಷ್ಟೇ ಆಳವಾಗಿ ಬಲ್ಲ ಇವರಿಗೆ ಈ ಕೆಲಸ ದಕ್ಕಿದ್ದು ಆಕಸ್ಮಿಕವೆನ್ನಲಾರೆ.

ಹೀಗೆ ನೂರರಷ್ಟು ಕೀರ್ತನೆಗಳಿಗೆ ಶರ್ಮರು ಧಾಟಿ ಕೂಡಿಸಿದರು. ಅವು ಸ್ವರಲಿಪಿಯೊಡನೆ ಅಚ್ಚಾದವು. 1974ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. 1979ರ ಮಾರ್ಚ್ 11ರಂದು ತೀರಿಕೊಂಡರು. ಇಂದು ಕಚೇರಿಗಳಲ್ಲಿ ಅನ್ನಮಾಚಾರ್ಯರ ಹಾಡು ಕೇಳುವ ಅನೇಕರು ಧಾಟಿಯೂ ಅವರದ್ದೇ ಎಂದುಕೊಳ್ಳುತ್ತಾರೆ. ಹಾಡುವವರು ಧಾಟಿ ಕೂಡಿಸಿದವರ ಹೆಸರನ್ನೂ ಒಂದು ಮಾತು ಹೇಳಬಹುದಿತ್ತು.